ಆಡುವವರು ಮತ್ತು ಕಾಯುವವರು
ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದು ಕಠಿಣ ಲೆಕ್ಕ

ಫುಟ್‌ಬಾಲ್ ಎಂದರೇನೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ತೃಕ್ಕರಿಪುರದಿಂದ ಉಪ್ಪಳದವರೆಗೆ ಎಲ್ಲಿಗೆ ಹೋದರೂ ಕಾಲ್ಚೆಂಡಿನ ಮರುಳು ಇದ್ದದ್ದೇ. ಆದರೆ ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ಬೇರೆಯೇ ಒಂದು. ಅಲ್ಲಿಯ ಚೆಂಡು ಉರುಟಲ್ಲ, ಎರಡು ತುದಿಯೂ ಚೂಪಾಗಿರುವಂಥದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಪ್ಪನೆಯ ಮೆತ್ತೆ ಕಟ್ಟಿಕೊಂಡು ಆಟಗಾರರು ಒಬ್ಬರನ್ನೊಬ್ಬರು ಢಿಕ್ಕಿ ಹೊಡೆದು ಕೆಡಹುವ ಆಟವದು.

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದಾರೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಪ್ರತಿ ಶನಿವಾರ ಊರಿಗೆ ಊರೇ ಕಾಲೇಜಿನ ಕ್ರೀಡಾಂಗಣಕ್ಕೆ ಹೊರಡುವ ಪರಿಯನ್ನು ಅವರು ಕಂಡಿರುತ್ತಾರೆ. ಮಿಶಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಮಿಕ್ಕಿ ಜನ ಕುಳಿತುಕೊಳ್ಳಬಹುದು. ಅಷ್ಟು ಮಂದಿಯ ಕಣ್ಣು ಆಡುವವರ ಮೇಲೆ. ಆದರೆ ಅಂಗಣದ ಅಂಚಿನಲ್ಲಿ ಅದೇ ಬಣ್ಣದ ಅಂಗಿ ತೊಟ್ಟು, ಬೆವರೇ ಬರದೆ ನಿಂತುಕೊಂಡಿರುವವರ ಸಂಖ್ಯೆ ಆಡುವವರಿಗಿಂತ ಎಷ್ಟೋ ಪಾಲು ದೊಡ್ಡದು. ಇವರಿಗೆ ಯಾವಾಗ ಆಡಲು ಸಿಗಬೇಕು, ಎಷ್ಟು ಸಿಗಬೇಕು, ಅದನ್ನು ತೀರ್ಮಾನಿಸುವವರು ಯಾವ ನ್ಯಾಯದಿಂದ ತೀರ್ಮಾನಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ. ಶಾಲೆಯ ಕಬಡ್ಡಿ ತಂಡದಲ್ಲಿ ಹೆಸರಿದ್ದೂ ಆಡಲು ಸಿಗದ ಹುಡುಗ ಯಾವ ಮನೆಯಲ್ಲಿದ್ದಾನೋ ಆ ಮನೆಯವರಿಗೆ ಈ ಪ್ರಶ್ನೆ ಹೊಸತಾಗಿ ತೋರದು.

ಆಟದ ಕ್ರಮ

ಒಂದು ಬಾರಿಗೆ ಅಂಗಣದಲ್ಲಿ ಇರುವವರು ಪ್ರತಿ ಪಕ್ಷದಿಂದ ಹನ್ನೊಂದು ಮಂದಿ. ಹದಿನೈದು ನಿಮಿಷಗಳ ನಾಲ್ಕು ಭಾಗ ಆಟ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿ ಅವಕಾಶವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಬಳಿಕ ಎಲ್ಲರೂ ಮತ್ತೆ ಸಾಲಾಗಿ ನಿಲ್ಲುತ್ತಾರೆ. ಈ ನಡುವಿನ ಬಿಡುವಿನಲ್ಲಿ ಎಷ್ಟು ಮಂದಿಯನ್ನು ಬೇಕಾದರೂ ಬದಲಾಯಿಸಬಹುದು. ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು. ನಾವು ಕಾಣುವ ಕಾಲ್ಚೆಂಡಾಟಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು.

ಆದುದರಿಂದ ಮುಂದೊತ್ತುವುದಕ್ಕೆ ಹನ್ನೊಂದು, ತಡೆಯುವುದಕ್ಕೆ ಬೇರೆ ಹನ್ನೊಂದು, ಚೆಂಡನ್ನು ಒದೆಯುವ ಸಂದರ್ಭಕ್ಕೆಂದು ಮತ್ತೊಂದು ಗುಂಪು ಹೀಗೆ ತಂಡವನ್ನು ಕಟ್ಟುತ್ತಾರೆ. ಪ್ರತಿ ಸ್ಥಾನಕ್ಕೂ ಮೊದಲನೆಯವ, ಎರಡನೆಯವ, ಮೂರನೆಯವ ಎಂಬ ಪಟ್ಟಿಯಿರುತ್ತದೆ. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲ 85 ಮಂದಿಗೆ ವಿದ್ಯಾರ್ಥಿವೇತನ ಕೊಡುವ ಮಿತಿಯಿತ್ತು. 2025ರಲ್ಲಿ ನ್ಯಾಯಾಲಯವು ಒಪ್ಪಿದ ಒಂದು ರಾಜಿಯ ಬಳಿಕ ಆ ಮಿತಿ ಹೋಗಿ, ರಾಜಿಗೆ ಒಳಪಟ್ಟ ತಂಡಗಳಲ್ಲಿ ಒಟ್ಟು 105 ಆಟಗಾರರು ಎಂಬ ನಿಯಮ ಬಂದಿದೆ. ಹನ್ನೊಂದು ಸ್ಥಾನಕ್ಕೆ ನೂರೈದು ಹುಡುಗರು! ಇವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಹೈಸ್ಕೂಲಿನಲ್ಲಿ ಊರಿನ ಕಣ್ಮಣಿಗಳಾಗಿದ್ದವರು. ಕಾಲೇಜಿಗೆ ಬಂದ ಮೇಲೆ ಮೊದಲ ಬಾರಿಗೆ ಕಾಯುವುದನ್ನು ಕಲಿಯಬೇಕಾಗುತ್ತದೆ.

ಎಲ್ಲ ಸ್ಥಾನಗಳಲ್ಲೂ ಕಾಯುವಿಕೆ ಒಂದೇ ತೆರನಲ್ಲ. ಎದುರಾಳಿಯನ್ನು ತಡೆಯುವ ಮುಂಚೂಣಿಯ ಭಾರೀ ದೇಹದವರು ಬೇಗನೆ ದಣಿಯುತ್ತಾರೆ. ಅವರನ್ನು ಸರದಿಯ ಮೇಲೆ ಒಳಗೆ ಹೊರಗೆ ಮಾಡುತ್ತಾ ಇರುವುದು ವಾಡಿಕೆ. ಅಲ್ಲಿ ಎರಡನೆಯ ಸಾಲಿನವನಿಗೂ ಪ್ರತಿ ಪಂದ್ಯದಲ್ಲಿ ಪಾಲು ಸಿಗುತ್ತದೆ. ಆದರೆ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನ ಹಾಗಲ್ಲ. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಇವನ ಕೈಗೆ. ಎಸೆಯಬೇಕೆ, ಇನ್ನೊಬ್ಬನಿಗೆ ಕೊಡಬೇಕೆ, ತಾನೇ ಓಡಬೇಕೆ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನೂ ಇವನೇ. ತಂಡಕ್ಕೆ ಇವನ ದನಿ, ಇವನ ಗತಿ ಅಭ್ಯಾಸವಾಗಿರಬೇಕು. ಆ ಕಾರಣಕ್ಕೆ ಈ ಸ್ಥಾನದಲ್ಲಿ ಒಬ್ಬನು ಆಡಿದರೆ ಎರಡನೆಯವನಿಗೆ ಇಡೀ ವರ್ಷ ಬೆಂಚೇ ಗತಿ. ನಮ್ಮ ವಿಚಾರವೆಲ್ಲ ಮುಖ್ಯವಾಗಿ ಈ ಸ್ಥಾನವನ್ನೇ ಸುತ್ತುವುದು ಅದರಿಂದಾಗಿ.

ಬದಲಿ ಬಂದ ಬಗೆ

ಹಿಂದೆ ಹೀಗಿರಲಿಲ್ಲ. ಅದೇ ಹನ್ನೊಂದು ಮಂದಿ ಮುಂದೊತ್ತಬೇಕು, ಅವರೇ ತಡೆಯಬೇಕು. ಹೊರಗೆ ಹೋದವನಿಗೆ ಒಳಬರಲು ನಾನಾ ಅಡ್ಡಿಗಳಿದ್ದವು. 1941ರಲ್ಲಿ, ಯುದ್ಧಕಾಲದ ಆಟಗಾರರ ಕೊರತೆಯನ್ನು ಎದುರಿಗಿಟ್ಟುಕೊಂಡು, ಬದಲಿ ನಿಯಮವನ್ನು ಸಡಿಲಿಸಿದರು. 1945ರ ಅಕ್ಟೋಬರಿನಲ್ಲಿ ಮಿಶಿಗನ್ ತಂಡದ ತರಬೇತುದಾರ ಫ್ರಿಟ್ಜ್ ಕ್ರಿಸ್ಲರ್ ಅವರು ಬಲಾಢ್ಯವಾದ ಸೇನಾ ಅಕಾಡೆಮಿಯ ತಂಡವನ್ನು ಎದುರಿಸುವಾಗ ಮುಂದೊತ್ತಲು ಒಂದು ಗುಂಪು, ತಡೆಯಲು ಇನ್ನೊಂದು ಗುಂಪು ಎಂದು ಪಾಲು ಮಾಡಿದರು. ಪಂದ್ಯವನ್ನು 28–7ರಿಂದ ಸೋತರೂ ಉಪಾಯ ಉಳಿಯಿತು. ಸೇನಾ ತಂಡದ ತರಬೇತುದಾರ ಅರ್ಲ್ ಬ್ಲೇಕ್ ಅವರೇ ಅದನ್ನು ಎತ್ತಿಕೊಂಡು, ಅದಕ್ಕೆ ಸೈನ್ಯದ ಮಾತಿನಲ್ಲಿ ‘ಪ್ಲಟೂನ್’ ಎಂಬ ಹೆಸರು ಕೊಟ್ಟರು.

ಆದರೆ ಇಮ್ಮಡಿ ಆಟಗಾರರನ್ನು ಸಾಕುವ ಖರ್ಚು ಸಣ್ಣ ಕಾಲೇಜುಗಳಿಗೆ ಹೊರೆಯಾಯಿತು. 1953ರಲ್ಲಿ ಮತ್ತೆ ಬದಲಿಗೆ ಕಡಿವಾಣ ಬಿತ್ತು. 1964ರ ತನಕವೂ ಬೇರೆ ಬೇರೆ ರೂಪದಲ್ಲಿ ಅದು ಉಳಿದಿತ್ತು. ಅಂದರೆ ಎರಡನೆಯ ಸಾಲಿನವನಿಗೆ ಆಡಲು ಸಿಗುವುದೂ ಸಿಗದಿರುವುದೂ ತರಬೇತುದಾರನ ಮರ್ಜಿಯೊಂದರ ಮೇಲೆ ನಿಂತದ್ದಲ್ಲ, ಕಾಲಕಾಲದ ನಿಯಮವೂ ಅದರಲ್ಲಿ ಪಾಲುಗೊಂಡಿದೆ.

ಮೂರನೆಯ ಸಾಲಿಗೊಂದು ಹೆಸರು

ಕಡಿವಾಣವಿದ್ದ ಆ ಕಾಲದಲ್ಲೇ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾನಿಲಯದ ತರಬೇತುದಾರ ಪಾಲ್ ಡೀಟ್ಜಲ್ ಅವರು 1958ರಲ್ಲಿ ಮಾಡಿದ ಪ್ರಯೋಗ ಇಂದಿಗೂ ನೆನೆಯತಕ್ಕದ್ದು. ತನ್ನ ಹುಡುಗರನ್ನು ಅವರು ಮೂರು ತಂಡಗಳಾಗಿ ವಿಂಗಡಿಸಿದರು. ಉತ್ತಮರಾದವರು ಬಿಳಿ ತಂಡ. ಅವರು ಮುಂದೊತ್ತುವುದನ್ನೂ ತಡೆಯುವುದನ್ನೂ ಮಾಡಬೇಕು. ಎರಡನೆಯದು ‘ಗೋ’ ತಂಡ, ಅದಕ್ಕೆ ಮುಂದೊತ್ತುವ ಕೆಲಸ. ಉಳಿದವರಿಗೆ ತಡೆಯುವುದೊಂದೇ ಕೆಲಸ. ಆ ಉಳಿದವರಿಗೆ ಅವರು ಪತ್ರಿಕೆಯೊಂದರ ಚಿತ್ರಕಥೆಯಿಂದ ಹೆಕ್ಕಿ ‘ಚೈನೀಸ್ ಬ್ಯಾಂಡಿಟ್ಸ್’, ಅಂದರೆ ಚೀನೀ ಡಕಾಯಿತರು, ಎಂಬ ಹೆಸರಿಟ್ಟರು. ಒಂದು ಜನಾಂಗವನ್ನು ಹೀಗೆ ಆಡಿಕೊಳ್ಳುವ ಹೆಸರನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಅದರ ಪರಿಣಾಮ ಮಾತ್ರ ಗಮನಾರ್ಹ.

ಯಾರಿಗೂ ಬೇಡವಾಗಿ ಉಳಿದಿದ್ದ ಹುಡುಗರಿಗೆ ಒಂದು ಹೆಸರು, ಒಂದು ನಿಶ್ಚಿತ ಕೆಲಸ, ಪ್ರತಿ ಪಂದ್ಯದಲ್ಲೂ ಒಂದು ನಿಶ್ಚಿತ ಪಾಲು ದೊರೆಯಿತು. ಅವರು ಅಂಗಣಕ್ಕೆ ಇಳಿದಾಗ ಪ್ರೇಕ್ಷಕರ ಕೂಗು ಮೊದಲ ಸಾಲಿನವರಿಗೆ ಸಿಗುವುದಕ್ಕಿಂತ ಜೋರಾಗಿರುತ್ತಿತ್ತು. ಅವರು ಎದುರಾಳಿಯನ್ನು ತಡೆದು ನಿಲ್ಲಿಸಿದಷ್ಟು ಹೊತ್ತು ಬಿಳಿ ತಂಡದವರಿಗೆ ವಿಶ್ರಾಂತಿ ಸಿಕ್ಕಿತು. ಆ ವರ್ಷ ತಂಡವು ಒಂದು ಪಂದ್ಯವನ್ನೂ ಸೋಲಲಿಲ್ಲ. 1959ರ ಜನವರಿ 1ರಂದು ಕ್ಲೆಮ್ಸನ್ ತಂಡವನ್ನು 7–0ರಿಂದ ಸೋಲಿಸಿ 11 ಪಂದ್ಯಗಳಲ್ಲಿ 11ನ್ನೂ ಗೆದ್ದು ರಾಷ್ಟ್ರದ ಅಗ್ರಸ್ಥಾನದಲ್ಲಿ ನಿಂತಿತು. ಬದಲಿ ಆಟಗಾರನಿಗೆ ಕೊಡುವ ಹೊತ್ತು ಮೊದಲ ಸಾಲಿನವನಿಂದ ಕಿತ್ತುಕೊಂಡದ್ದಲ್ಲ, ಅವನಿಗೂ ಅದರಿಂದ ಲಾಭವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎಣಿಸಿಟ್ಟ ವರ್ಷಗಳು

ಕಾಲೇಜು ಆಟಗಾರನ ಕಷ್ಟ ವೃತ್ತಿಪರ ಆಟಗಾರನ ಕಷ್ಟಕ್ಕಿಂತ ಭಿನ್ನ. ವೃತ್ತಿಪರನು ದೇಹ ಸಹಿಸಿದಷ್ಟು ಕಾಲ ಆಡಬಹುದು. ಕಾಲೇಜಿನವನಿಗೋ ವರ್ಷಗಳನ್ನು ಎಣಿಸಿ ಕೊಟ್ಟಿರುತ್ತಾರೆ. ಬಹುಕಾಲದಿಂದ ನಡೆದುಬಂದ ಕ್ರಮದಂತೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತುಗಳು ಮಾತ್ರ ಆಡಬಹುದು. 1972ರ ತನಕ ಮೊದಲ ವರ್ಷದವರಿಗೆ ದೊಡ್ಡ ಕಾಲೇಜುಗಳ ಮುಖ್ಯ ತಂಡದಲ್ಲಿ ಆಡುವ ಅವಕಾಶವೇ ಇರಲಿಲ್ಲ.

ಆಡದೆ ಉಳಿದು ಕೇವಲ ಅಭ್ಯಾಸದಲ್ಲಿ ಕಳೆಯುವ ವರ್ಷಕ್ಕೆ ‘ರೆಡ್‌ಶರ್ಟ್’ ಎನ್ನುತ್ತಾರೆ. 1937ರಲ್ಲಿ ನೆಬ್ರಾಸ್ಕದ ಆಟಗಾರನೊಬ್ಬನು ಈ ವರ್ಷ ಆಡುವುದಿಲ್ಲ, ಅಭ್ಯಾಸ ಮಾತ್ರ ಮಾಡುತ್ತೇನೆಂದು ಕೇಳಿಕೊಂಡು, ಸಂಖ್ಯೆಯಿಲ್ಲದ ಕೆಂಪು ಅಂಗಿ ತೊಟ್ಟು ಕಳೆದನೆಂಬುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಬಹುಕಾಲ ಈ ನಿಯಮ ಬಹಳ ಕಟುವಾಗಿತ್ತು. ಆರೋಗ್ಯದಿಂದಿರುವ ಹುಡುಗನೊಬ್ಬ ಯಾವುದೋ ಪಂದ್ಯದ ಕೊನೆಗೆ ಎರಡು ನಿಮಿಷ ಆಡಿದರೂ ಅವನ ಒಂದು ವರ್ಷ ಖರ್ಚಾಗಿ ಹೋಗುತ್ತಿತ್ತು. ಆದುದರಿಂದ ತರಬೇತುದಾರರು ಹೊಸಬರನ್ನು ಆಡಿಸಲು ಹಿಂಜರಿಯುತ್ತಿದ್ದರು. 2018ರಲ್ಲಿ ನಿಯಮ ತಿದ್ದಿ, ನಾಲ್ಕು ಪಂದ್ಯಗಳವರೆಗೆ ಆಡಿದರೂ ವರ್ಷ ಉಳಿಯುತ್ತದೆ ಎಂದು ಮಾಡಿದರು. ಕಾಯುವವರಿಗೆ ಸ್ವಲ್ಪ ಉಸಿರಾಡಲು ಎಡೆ ಸಿಕ್ಕಿತು. ಅದೇ ವರ್ಷ ಈ ನಿಯಮ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡಿದ್ದನ್ನು ಮುಂದೆ ಹೇಳುತ್ತೇವೆ.

ಅಭ್ಯಾಸದ ಅಂಗಣದಲ್ಲಿ

ಪಂದ್ಯದ ದಿನ ಒಬ್ಬನನ್ನು ಒಳಗೆ ಕಳುಹಿಸುವುದು ಸುಲಭ. ಆ ದಿನಕ್ಕೆ ಅವನನ್ನು ಸಿದ್ಧಪಡಿಸುವುದೇ ಕಷ್ಟ. ವಾರದ ಅಭ್ಯಾಸದ ಹೊತ್ತು ಮಿತವಾದದ್ದು. ಅದರಲ್ಲಿ ಹೆಚ್ಚಿನ ಪಾಲು ಶನಿವಾರ ಆಡುವ ಮೊದಲ ಸಾಲಿಗೇ ಹೋಗಬೇಕು. ಉಳಿದದ್ದು ಎರಡನೆಯ ಸಾಲಿಗೆ. ಅದರ ಕೆಳಗಿನವರಿಗೆ ‘ಸ್ಕೌಟ್’ ತಂಡದ ಕೆಲಸ. ಬರಲಿರುವ ಎದುರಾಳಿ ಹೇಗೆ ಆಡುತ್ತಾನೋ ಹಾಗೆಯೇ ಆಡಿ ತೋರಿಸಿ, ಮೊದಲ ಸಾಲಿನವರ ಪೆಟ್ಟು ತಿನ್ನುವುದು. ನಾಟ್ರ್ ಡೇಮ್ ವಿಶ್ವವಿದ್ಯಾನಿಲಯದ ರೂಡಿ ರೂಟಿಗರ್ ಎಂಬ ಗಿಡ್ಡ ದೇಹದ ಹುಡುಗನು ಹೀಗೆ ಪೆಟ್ಟು ತಿನ್ನುತ್ತಲೇ ಕಾಲ ಕಳೆದು, 1975ರ ನವೆಂಬರ್ 8ರಂದು ತನ್ನ ಊರಿನ ಅಂಗಣದ ಕೊನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಒಳಗಿಳಿದು, ಎದುರಾಳಿಯ ಕ್ವಾರ್ಟರ್‌ಬ್ಯಾಕನ್ನು ಕೆಡಹಿ, ಜೊತೆಗಾರರ ಹೆಗಲ ಮೇಲೆ ಹೊರಗೆ ಬಂದನು. 1993ರಲ್ಲಿ ಅದು ಚಲನಚಿತ್ರವೂ ಆಯಿತು. ಆದರೆ ಅಂಥ ಕ್ಷಣವೊಂದೂ ಸಿಗದೆ ಪದವಿ ಮುಗಿಸಿ ಹೊರಟವರ ಚಿತ್ರ ಯಾರೂ ತೆಗೆಯುವುದಿಲ್ಲ.

ತಂಡವೊಂದು ಬಹಳ ಮುಂದಿರುವಾಗ ಬದಲಿಯವರನ್ನು ಇಳಿಸುವುದು ಹಳೆಯ ಸಂಪ್ರದಾಯ. ನಮ್ಮ ಬಯಲಾಟಗಳಲ್ಲಿ ಕಲಿಯುವವರ ವೇಷ ರಾತ್ರಿಯ ಮೊದಲ ಪಾಲಿನಲ್ಲಿ ಬಂದರೆ, ಇಲ್ಲಿ ಕಲಿಯುವವರ ಸರದಿ ಕೊನೆಗೆ. ಇದರಲ್ಲಿ ಎರಡು ಪ್ರಯೋಜನಗಳುಂಟು. ಮೊದಲ ಸಾಲಿನವರಿಗೆ ಏಟು ತಪ್ಪುತ್ತದೆ. ಸೋತವರ ಮಾನವೂ ಉಳಿಯುತ್ತದೆ. 1916ರಲ್ಲಿ ಜಾರ್ಜಿಯ ಟೆಕ್ ತಂಡವು ಕಂಬರ್‌ಲೆಂಡ್ ಎಂಬ ಪುಟ್ಟ ಕಾಲೇಜನ್ನು 222–0ರಿಂದ ಸೋಲಿಸಿದ್ದನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಅಂಥದಕ್ಕೆ ಎಡೆಗೊಡಬಾರದೆಂಬುದು ಸಭ್ಯತೆ.

ಆದರೆ ಇಲ್ಲಿ ಒಂದು ಇಕ್ಕಟ್ಟು ಇದೆ. ವರ್ಷವಿಡೀ ಕಾದ ಹುಡುಗ ಒಳಗಿಳಿದಾಗ, ಇನ್ನು ಅಂಕ ಗಳಿಸಬೇಡ, ಹೊತ್ತು ಕಳೆದರೆ ಸಾಕು ಎಂದರೆ ಅವನು ಏನು ತೋರಿಸಿಯಾನು? ಗೆದ್ದು ಮುಗಿದ ಪಂದ್ಯದಲ್ಲಿ ಕೊಟ್ಟ ಹತ್ತು ನಿಮಿಷವೂ, ಗೆಲುವು ಸೋಲು ಇನ್ನೂ ನಿರ್ಧಾರವಾಗದಿರುವಾಗ ಕೊಟ್ಟ ಹತ್ತು ನಿಮಿಷವೂ ಸಮನಲ್ಲ. ಎರಡನೆಯದರಲ್ಲಿ ಮಾತ್ರ ಹುಡುಗ ಬೆಳೆಯುತ್ತಾನೆ. ತರಬೇತುದಾರನ ಧೈರ್ಯ ಗೊತ್ತಾಗುವುದೂ ಅಲ್ಲೇ.

ಮೂರನೆಯವನ ಸರದಿ

ಬದಲಿಯವರನ್ನು ಸಿದ್ಧವಾಗಿಟ್ಟುಕೊಳ್ಳುವುದು ಎಷ್ಟು ಮುಖ್ಯವೆಂಬುದಕ್ಕೆ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ 2014ರ ಕಥೆ ಸಾಕು. ಋತು ತೊಡಗುವ ಮುನ್ನವೇ ಆಗಸ್ಟಿನಲ್ಲಿ ತಂಡದ ಖ್ಯಾತ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಅವರ ಹೆಗಲಿಗೆ ಪೆಟ್ಟಾಯಿತು. ಎರಡನೆಯವರಾದ ಜೆ. ಟಿ. ಬ್ಯಾರೆಟ್ ಬಂದು, ಎರಡನೇ ಪಂದ್ಯದಲ್ಲೇ ಸೋತರೂ, ಆ ಮೇಲೆ ತಂಡವನ್ನು ಸತತವಾಗಿ ಗೆಲ್ಲಿಸುತ್ತಾ ಬಂದರು. ನವೆಂಬರ್ 29ರಂದು ಮಿಶಿಗನ್ ವಿರುದ್ಧದ ಪಂದ್ಯದ ಕೊನೆಯ ಭಾಗದಲ್ಲಿ ಅವರ ಪಾದದ ಗಂಟು ಮುರಿಯಿತು. ಉಳಿದವರು ಮೂರನೆಯವರಾದ ಕಾರ್ಡೇಲ್ ಜೋನ್ಸ್. ಅದುವರೆಗೆ ಅವರು ಒಂದು ಪಂದ್ಯವನ್ನೂ ಮೊದಲಿನಿಂದ ಆಡಿದವರಲ್ಲ.

ಒಂದು ವಾರದ ಬಳಿಕ, ಡಿಸೆಂಬರ್ 6ರಂದು, ಜೋನ್ಸ್ ತಮ್ಮ ಮೊದಲ ಪಂದ್ಯ ಆಡಿದರು. ವಿಸ್ಕಾನ್ಸಿನ್ ತಂಡದೆದುರು ಫಲಿತಾಂಶ 59–0! ಮುಂದೆ 2015ರ ಜನವರಿ 1ರಂದು ಅಲಬಾಮ ತಂಡವನ್ನು 42–35ರಿಂದ, ಜನವರಿ 12ರಂದು ಓರೆಗನ್ ತಂಡವನ್ನು 42–20ರಿಂದ ಸೋಲಿಸಿ, ಮೂರನೆಯ ಸಾಲಿನವನು ಮೂರೇ ಪಂದ್ಯಗಳಲ್ಲಿ ರಾಷ್ಟ್ರದ ಪ್ರಶಸ್ತಿಯನ್ನು ತಂದುಕೊಟ್ಟನು. ಅಭ್ಯಾಸದಲ್ಲಿ ಅವನಿಗೆ ಕೊಟ್ಟ ಹೊತ್ತು ದಂಡವಾಯಿತೆಂದು ಇನ್ನು ಯಾರು ಹೇಳಿಯಾರು?

ಇಬ್ಬರಿಗೂ ಪಾಲು ಕೊಟ್ಟರೆ?

ಇಬ್ಬರೂ ಒಳ್ಳೆಯವರಾದರೆ ಇಬ್ಬರನ್ನೂ ಆಡಿಸಿದರಾಯಿತಲ್ಲ ಎಂದು ಓದುಗರು ಕೇಳಬಹುದು. ಕೇಳುವುದಕ್ಕೆ ನ್ಯಾಯವಾಗಿದೆ. 1999ರಲ್ಲಿ ಮಿಶಿಗನ್ ತರಬೇತುದಾರ ಲಾಯ್ಡ್ ಕಾರ್ ಅವರು ಹಾಗೆಯೇ ಮಾಡಿದರು. ಹಿರಿಯನಾದ ಟಾಮ್ ಬ್ರೇಡಿಗೆ ಮೊದಲ ಭಾಗ, ಕಿರಿಯನಾದ ಡ್ರೂ ಹೆನ್ಸನ್‌ಗೆ ಎರಡನೆಯ ಭಾಗ. ವಿರಾಮದ ಬಳಿಕ ಯಾರು ಚೆನ್ನಾಗಿ ಆಡಿದರೋ ಅವರಿಗೆ ಉಳಿದ ಅರ್ಧ. ಮೊದಲ ಐದು ಪಂದ್ಯಗಳನ್ನು ಗೆದ್ದರು. ಆರನೆಯದನ್ನು ಸೋತ ಬಳಿಕ ಆ ಏರ್ಪಾಡು ಸಡಿಲವಾಗಿ, ಬ್ರೇಡಿಯೇ ಮುಂದುವರಿದರು. ಕಾಲೇಜಿನಲ್ಲಿ ಅರ್ಧ ಪಾಲಿಗೆ ಹೋರಾಡಬೇಕಾಗಿದ್ದ ಈ ಬ್ರೇಡಿ 2000ದ ವೃತ್ತಿಪರ ಆಯ್ಕೆಯಲ್ಲಿ 199ನೆಯವರಾಗಿ ಆರಿಸಲ್ಪಟ್ಟು, ಮುಂದೆ ಏಳು ಬಾರಿ ವೃತ್ತಿಪರ ಫುಟ್‌ಬಾಲಿನ ಪರಮೋಚ್ಚ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದರು ಎಂದ ಮೇಲೆ, ಬೆಂಚಿನ ತೀರ್ಪು ಕೊನೆಯ ತೀರ್ಪಲ್ಲವೆಂದು ತಿಳಿಯಬಹುದು.

2015ರಲ್ಲಿ ಒಹಾಯೊ ತಂಡಕ್ಕೂ ಇದೇ ಸಮಸ್ಯೆ. ಗುಣವಾಗಿ ಬಂದ ಬ್ಯಾರೆಟ್ ಒಂದೆಡೆ, ಪ್ರಶಸ್ತಿ ತಂದ ಜೋನ್ಸ್ ಇನ್ನೊಂದೆಡೆ. ಮೊದಲು ಜೋನ್ಸ್, ಋತುವಿನ ನಡುವೆ ಬ್ಯಾರೆಟ್ ಎಂದು ಬದಲಾಯಿಸಿದರು. ತಂಡ ಒಂದೇ ಪಂದ್ಯ ಸೋತಿತಾದರೂ ಪ್ರಶಸ್ತಿಯ ಕಣದಿಂದ ಹೊರಗುಳಿಯಿತು. ಇದಕ್ಕೆ ಎದುರಾಗಿ 2006ರ ಫ್ಲೋರಿಡ ತಂಡವನ್ನು ನೋಡಬೇಕು. ಅಲ್ಲಿ ಹಿರಿಯನಾದ ಕ್ರಿಸ್ ಲೀಕ್ ತಂಡದ ಕ್ವಾರ್ಟರ್‌ಬ್ಯಾಕ್; ಮೊದಲ ವರ್ಷದ ಟಿಮ್ ಟೀಬೊ ಕೆಲವು ನಿಶ್ಚಿತ ಸಂದರ್ಭಗಳಲ್ಲಿ ಮಾತ್ರ ಒಳಗೆ ಬಂದು ಚೆಂಡು ಹಿಡಿದು ನುಗ್ಗುವವನು. ಯಾರ ಕೆಲಸ ಯಾವುದೆಂಬುದರಲ್ಲಿ ಗೊಂದಲವಿರಲಿಲ್ಲ. ಆ ಋತುವಿನ ರಾಷ್ಟ್ರ ಪ್ರಶಸ್ತಿ ಅವರದೇ. ಪಾಲು ಮಾಡುವುದು ತಪ್ಪಲ್ಲ. ಗಡಿ ಹಾಕದೆ ಪಾಲು ಮಾಡುವುದು ತಪ್ಪು. ಇದು ಅಣ್ಣತಮ್ಮಂದಿರ ಆಸ್ತಿಗೆ ಹೇಗೋ ಆಟಕ್ಕೂ ಹಾಗೆಯೇ.

ವಿರಾಮದಲ್ಲಿ ಬಂದ ಬದಲಾವಣೆ

ಈ ವಿಷಯದಲ್ಲಿ ಅಮೆರಿಕದವರು ಹೆಚ್ಚಾಗಿ ನೆನೆಯುವ ರಾತ್ರಿ 2018ರ ಜನವರಿ 8. ಅಟ್ಲಾಂಟ ನಗರದಲ್ಲಿ ಅಲಬಾಮ ಮತ್ತು ಜಾರ್ಜಿಯ ತಂಡಗಳ ನಡುವೆ ರಾಷ್ಟ್ರ ಪ್ರಶಸ್ತಿಯ ಪಂದ್ಯ. ಅಲಬಾಮದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್. ಎರಡು ವರ್ಷಗಳಲ್ಲಿ ಮೊದಲಿನಿಂದ ಆಡಿದ 28 ಪಂದ್ಯಗಳಲ್ಲಿ 26ನ್ನು ಗೆಲ್ಲಿಸಿದವರು. ವಿರಾಮದ ಹೊತ್ತಿಗೆ ತಂಡ 13–0ರಿಂದ ಹಿಂದಿತ್ತು. ತರಬೇತುದಾರ ನಿಕ್ ಸೇಬನ್ ಅವರು ಹರ್ಟ್ಸ್‌ರನ್ನು ಕೂರಿಸಿ, ಹವಾಯಿ ದ್ವೀಪದಿಂದ ಬಂದ ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವನನ್ನು ಇಳಿಸಿದರು. ಪಂದ್ಯ ಸಮವಾಗಿ, ಹೆಚ್ಚುವರಿ ಆಟದಲ್ಲಿ ಟುವಾ ಎಸೆದ 41 ಗಜಗಳ ಒಂದೇ ಎಸೆತದಿಂದ ಅಲಬಾಮ 26–23ರಿಂದ ಗೆದ್ದಿತು. ಆ ಹುಡುಗನಿಗೆ ಆ ಋತುವಿನಲ್ಲಿ ಹಿಂದೆ ಸಿಕ್ಕಿದ್ದು ಹೆಚ್ಚಾಗಿ ಗೆದ್ದ ಪಂದ್ಯಗಳ ಕೊನೆಯ ಹೊತ್ತು ಮಾತ್ರ.

ಗೆದ್ದವರ ಕಥೆ ಅಲ್ಲಿಗೆ ಮುಗಿಯಿತು. ಕೂತವನ ಕಥೆ ಅಲ್ಲಿಂದ ತೊಡಗಿತು. ತಾನು ಹೇಗಿದ್ದೇನೆ, ಏನು ಯೋಚಿಸುತ್ತಿದ್ದೇನೆ ಎಂದು ಆ ವಸಂತಕಾಲದಲ್ಲಿ ತರಬೇತುದಾರರೂ ಸೇರಿ ಯಾರೂ ಕೇಳಲಿಲ್ಲವೆಂದು ಹರ್ಟ್ಸ್ 2018ರ ಆಗಸ್ಟಿನಲ್ಲಿ ಪತ್ರಿಕೆಯವರೆದುರು ಹೇಳಿದರು. 26 ಗೆಲುವು ತಂದ ಹುಡುಗನ ಈ ಮಾತಿನಲ್ಲಿ ಎಲ್ಲ ತರಬೇತುದಾರರಿಗೂ ಪಾಠವಿದೆ. ಸ್ಥಾನ ಕಳೆದುಕೊಂಡವನಿಗೆ ಸ್ಥಾನವನ್ನು ಹಿಂದಕ್ಕೆ ಕೊಡಲಾಗದಿರಬಹುದು. ಒಂದು ಮಾತು ಕೊಡಲಾಗದೆ?

ಬಿಟ್ಟು ಹೋದವನು, ನಿಂತವನು

ಅದೇ 2018ರ ಸೆಪ್ಟೆಂಬರಿನಲ್ಲಿ ಕ್ಲೆಮ್ಸನ್ ತಂಡದಲ್ಲೂ ಇಂಥದೇ ಬದಲಾವಣೆಯಾಯಿತು. ನಾಲ್ಕು ಪಂದ್ಯಗಳನ್ನು ಆಡಿ ಗೆದ್ದ ಹಿರಿಯ ಕೆಲ್ಲಿ ಬ್ರ್ಯಾಂಟ್ ಅವರ ಬದಲು ಮೊದಲ ವರ್ಷದ ಟ್ರೆವರ್ ಲಾರೆನ್ಸ್‌ಗೆ ಸ್ಥಾನ ಕೊಟ್ಟರು. ನಾಲ್ಕೇ ಪಂದ್ಯವಾದುದರಿಂದ ಬ್ರ್ಯಾಂಟ್ ಅವರ ವರ್ಷ ಹೊಸ ನಿಯಮದಂತೆ ಉಳಿದಿತ್ತು. ಅವರು ತಂಡ ಬಿಟ್ಟು, ಮುಂದಿನ ವರ್ಷ ಮಿಸೂರಿ ಸೇರಿದರು. ಹೊಸಬರಿಗೆಂದು ಮಾಡಿದ ನಿಯಮ ಹಳಬನಿಗೆ ಬಾಗಿಲಾಯಿತು. ಬಿಟ್ಟು ಹೋದುದನ್ನು ಕೆಲವರು ಹಳಿದರು. ಆದರೆ ಉಳಿದಿದ್ದ ಒಂದೇ ವರ್ಷವನ್ನು ಬೆಂಚಿನ ಮೇಲೆ ಕಳೆಯಬೇಕೆಂದು ಯಾರು ತಾನೇ ಆಜ್ಞೆ ಮಾಡಬಲ್ಲರು?

ಅದರ ಬೆನ್ನಿಗೇ, ಸೆಪ್ಟೆಂಬರ್ 29ರ ಶನಿವಾರ, ಸಿರಾಕ್ಯೂಸ್ ವಿರುದ್ಧದ ಪಂದ್ಯದಲ್ಲಿ ಲಾರೆನ್ಸ್‌ಗೆ ಪೆಟ್ಟಾಗಿ ಹೊರಬಂದರು. ಕ್ಲೆಮ್ಸನ್ ಹಿಂದೆ ಬಿದ್ದಿತ್ತು. ಹೆಸರೇ ಕೇಳದಿದ್ದ ಚೇಸ್ ಬ್ರೈಸ್ ಎಂಬ ಬದಲಿ ಆಟಗಾರ ಇಳಿದು, ಕೊನೆಯಲ್ಲಿ 94 ಗಜ ದೂರ ತಂಡವನ್ನು ಸಾಗಿಸಿ 27–23ರಿಂದ ಗೆಲ್ಲಿಸಿದನು. ಆ ಋತುವಿನಲ್ಲಿ ಕ್ಲೆಮ್ಸನ್ 15 ಪಂದ್ಯಗಳಲ್ಲಿ 15ನ್ನೂ ಗೆದ್ದಿತು. ಪ್ರಶಸ್ತಿಯ ಕಟ್ಟಡದಲ್ಲಿ ಬ್ರೈಸ್ ಇಟ್ಟ ಆ ಒಂದು ಕಲ್ಲು ಇಲ್ಲದಿದ್ದರೆ ಏನಾಗುತ್ತಿತ್ತೋ!

ಅದೇ ಶನಿವಾರ ಅಲಬಾಮದಲ್ಲಿ ಹರ್ಟ್ಸ್ ತಮ್ಮ ಐದನೆಯ ಪಂದ್ಯಕ್ಕೆ ಇಳಿದರು. ಇಳಿಯದಿದ್ದರೆ ಅವರ ವರ್ಷವೂ ಉಳಿಯುತ್ತಿತ್ತು. ತಿಳಿದೂ ಅದನ್ನು ಬಿಟ್ಟುಕೊಟ್ಟರು. ಡಿಸೆಂಬರ್ 1ರಂದು ಅದೇ ಅಟ್ಲಾಂಟದ ಅದೇ ಅಂಗಣ. ಎದುರಾಳಿ ಅದೇ ಜಾರ್ಜಿಯ. ಕೊನೆಯ ಭಾಗದಲ್ಲಿ ಅಲಬಾಮ 28–21ರಿಂದ ಹಿಂದಿರುವಾಗ ಟುವಾನ ಕಾಲಿಗೆ ಪೆಟ್ಟಾಯಿತು. ಹರ್ಟ್ಸ್ ಒಳಗೆ ಬಂದು ಒಂದು ಎಸೆತದಿಂದ ಪಂದ್ಯವನ್ನು ಸಮಗೊಳಿಸಿದರು. ಆಗ ಜಾರ್ಜಿಯದವರು ಚೆಂಡನ್ನು ಒದೆಯುವಂತೆ ನಟಿಸಿ ತಮ್ಮ ಬದಲಿ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್‌ನಿಂದ ಓಡಿಸಲು ನೋಡಿದರು. ಅವನನ್ನು ತಡೆದರು. ಕೊನೆಗೆ ಹರ್ಟ್ಸ್ ತಾವೇ 15 ಗಜ ಓಡಿ 35–28ರ ಗೆಲುವು ತಂದರು. ಹನ್ನೊಂದು ತಿಂಗಳ ಹಿಂದೆ ಯಾರು ಯಾರ ಜಾಗಕ್ಕೆ ಬಂದಿದ್ದರೋ, ಈಗ ಅದು ತಿರುವುಮುರುವಾಗಿತ್ತು.

ಆ ತಿಂಗಳೇ ಪದವಿ ಪಡೆದ ಹರ್ಟ್ಸ್ ಒಕ್ಲಹೋಮಕ್ಕೆ ಹೋದರು. 2019ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯ ಮತಗಣನೆಯಲ್ಲಿ ಎರಡನೆಯವರಾದರು. ಮೊದಲನೆಯವರು ಯಾರು? ಒಹಾಯೊ ತಂಡದಲ್ಲಿ ಬೆಂಚು ಕಾದು, ಬೇಸತ್ತು ಲೂಯಿಸಿಯಾನಕ್ಕೆ ಹೋದ ಜೋ ಬರೊ. ಮೂರನೆಯವರು? ಜಾರ್ಜಿಯದಲ್ಲಿ ಬದಲಿಯಾಗಿದ್ದು ಒಹಾಯೊಕ್ಕೆ ಹೋದ ಅದೇ ಜಸ್ಟಿನ್ ಫೀಲ್ಡ್ಸ್! ಒಂದೇ ವರ್ಷದ ಅಗ್ರ ಮೂವರೂ ಒಂದೊಂದು ಕಡೆ ಬೆಂಚಿನಲ್ಲಿ ಕೂತವರೇ. ಇನ್ನು ಹರ್ಟ್ಸ್, 2025ರ ಫೆಬ್ರವರಿ 9ರಂದು ಫಿಲಡೆಲ್ಫಿಯ ತಂಡಕ್ಕೆ ವೃತ್ತಿಪರ ಫುಟ್‌ಬಾಲಿನ ಅಂತಿಮ ಪಂದ್ಯ ಗೆದ್ದುಕೊಟ್ಟು ಆ ಪಂದ್ಯದ ಅತ್ಯುತ್ತಮ ಆಟಗಾರರೆನಿಸಿದರು.

ಇಂದಿನ ಸ್ಥಿತಿ

ಹಿಂದೆ ಕಾಲೇಜು ಬದಲಾಯಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಗೆ ಆ ಶಿಕ್ಷೆಯನ್ನು ತೆಗೆದರು. 2024ರಲ್ಲಿ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವನು ಎಷ್ಟು ಬಾರಿ ಹೋದರೂ ಶಿಕ್ಷೆಯಿಲ್ಲವೆಂದಾಯಿತು. 2021ರಿಂದ ಆಟಗಾರರು ತಮ್ಮ ಹೆಸರಿನ ಮೂಲಕ ಹಣ ಗಳಿಸುವುದಕ್ಕೂ ಅಡ್ಡಿಯಿಲ್ಲ. ಇದರಿಂದ ತಂಡಗಳ ಕಟ್ಟು ಸಡಿಲವಾಯಿತು, ನಿಷ್ಠೆ ಹೋಯಿತು ಎಂದು ಕೊರಗುವವರಿದ್ದಾರೆ. ಕೊರಗಿನಲ್ಲಿ ಹುರುಳಿಲ್ಲವೆಂದಲ್ಲ. ಮೂರು ವರ್ಷ ತಾಳ್ಮೆಯಿಂದ ಕಲಿತು ನಾಲ್ಕನೆಯ ವರ್ಷ ಅರಳುವ ಆಟಗಾರ ಇನ್ನು ಅಪರೂಪವಾಗಬಹುದು. ಆದರೆ ಹಿಂದೆ ನಿಷ್ಠೆ ಎಂದು ಕರೆದದ್ದರಲ್ಲಿ ಎಷ್ಟು ಪಾಲು ನಿಜವಾದ ನಿಷ್ಠೆ, ಎಷ್ಟು ಪಾಲು ಹೋಗಲು ದಾರಿಯಿಲ್ಲದ ಅಸಹಾಯಕತೆ ಎಂಬುದನ್ನೂ ಯೋಚಿಸಬೇಕು. ತರಬೇತುದಾರರು ಯಾವಾಗ ಬೇಕಾದರೂ ಹೆಚ್ಚಿನ ಸಂಬಳಕ್ಕೆ ಬೇರೆ ಕಾಲೇಜಿಗೆ ಹೋಗುತ್ತಿದ್ದರು. ಹುಡುಗರಿಗೆ ಮಾತ್ರ ನಿಷ್ಠೆಯ ಉಪದೇಶ!

ಈ ಎಲ್ಲ ಉದಾಹರಣೆಗಳಿಂದ ನಮಗೆ ತೋರುವುದಿಷ್ಟು. ಆಡುವ ಹೊತ್ತನ್ನು ಎಲ್ಲರಿಗೂ ಸಮವಾಗಿ ಹಂಚುವುದು ಸಾಧ್ಯವಿಲ್ಲ, ಉಚಿತವೂ ಅಲ್ಲ. ಗೆಲ್ಲಲೆಂದೇ ತಂಡ ಕಟ್ಟಿರುತ್ತಾರೆ. ಆದರೆ ಮೂರು ಸಂಗತಿಗಳು ಬದಲಿ ಆಟಗಾರನಿಗೆ ನ್ಯಾಯವಾಗಿ ಸಲ್ಲಬೇಕು. ತನ್ನ ಸ್ಥಾನ ಎಲ್ಲಿ, ಏಕೆ ಎಂಬ ನಿಜವನ್ನು ಅವನಿಗೆ ಮುಖತಃ ಹೇಳಬೇಕು. ಸಣ್ಣದಾದರೂ ತನ್ನದೇ ಆದ ಒಂದು ನಿಶ್ಚಿತ ಕೆಲಸ ಅವನಿಗಿರಬೇಕು. ಪಂದ್ಯ ಇನ್ನೂ ಜೀವಂತವಾಗಿರುವಾಗಲೇ ಆಗೊಮ್ಮೆ ಈಗೊಮ್ಮೆ ಅವನನ್ನು ಇಳಿಸಬೇಕು. ಇಷ್ಟನ್ನು ಕೊಟ್ಟ ಮೇಲೂ ಅವನು ಹೋಗುತ್ತೇನೆಂದರೆ ಒಳ್ಳೆಯ ಮಾತಿನಿಂದ ಕಳುಹಿಸಿಕೊಡುವುದು ದೊಡ್ಡವರ ಲಕ್ಷಣ.

ಲಕ್ಷ ಜನ ಸೇರುವ ಕ್ರೀಡಾಂಗಣ ನಮ್ಮಲ್ಲಿಲ್ಲ. ಶಾಲೆಯ ಮೈದಾನದಲ್ಲಿ ವಾಲಿಬಾಲಿಗೋ ಕಬಡ್ಡಿಗೋ ತಂಡ ಆರಿಸುವ ಮಾಸ್ತರರು ಇದ್ದಾರೆ. ಜಿಲ್ಲಾ ಮಟ್ಟಕ್ಕೆ ಹೋಗಿ ಬಂದ ಹುಡುಗನೊಡನೆ, ಅಂಗಿ ಕೊಳೆಯಾಗದೆ ಬಸ್ಸಿನಿಂದ ಇಳಿದ ಹುಡುಗನೂ ಇರುತ್ತಾನೆ. ಎಷ್ಟು ಹೊತ್ತು ಆಡಿದೆ ಎಂದು ಅವನನ್ನು ಮನೆಯಲ್ಲಿ ಕೇಳುವ ಮೊದಲು, ಹೇಗಿದ್ದೀ ಎಂದು ಯಾರಾದರೂ ಕೇಳಿದರೆ ಅವನು ಮರುದಿನವೂ ಅಭ್ಯಾಸಕ್ಕೆ ಹೋದಾನು.